ಗುಂಯ್ ನಿಂತಾಗ ಹುಟ್ಟಿದ ಹೆದರಿಕೆ

ಸ್ನೇಹಿತರೇ, ಮನೆಗೆ ಬಂದ ಕೂಡಲೇ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಮಧ್ಯಾಹ್ನ ವಂಡ್ಸೆಯ ಮದುವೆಯಲ್ಲಿ, ಊಟದ ಹೊತ್ತಿಗೆ ನನ್ನ ಹಾಡು. ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ್ದೇ ತಡ, ಸ್ಪೀಕರಿನಿಂದ ಗುಂಯ್ ಎಂಬ ಸದ್ದು. ನಾದ ಬದಲಿಸುವ ಪೆಡಲ್‌ಗಳನ್ನು ಒಂದೊಂದಾಗಿ ಕಳಚಿ ನೋಡಿದೆ, ಕೇಬಲ್ ಬದಲಿಸಿದೆ. ಹೋಗಲಿಲ್ಲ. ಸೌಂಡಿನ ಶೀನಣ್ಣ "ನೀವ್ ಸುಮ್ನಿರಿ, ನಾ ಕಾಂತೆ" ಎಂದು ಅದೇನೆಂದು ನೋಡಲು ಮಂಟಪದ ಹಿಂದೆ ಹೋದರು. ಸದ್ದು ಮಾಯ!

ಖುಷಿಯಲ್ಲಿ ಹಾಡಲು ಬಾಗಿದೆ. ಮದುವೆ ಮಂಟಪವಲ್ಲವೇ, ಬರಿಗಾಲು. ತಂತಿ ಹಿಡಿದ ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ತುಟಿಗೂ ಮೈಕಿಗೂ ಒಂದು ಬೆರಳಿನಷ್ಟೇ ಅಂತರ. ಹಿಂದೆ ಸರಿದು ಟೆಸ್ಟರ್ ತಂದು ತಂತಿಗೆ ಮುಟ್ಟಿಸಿದೆ. ಕೆಂಪಗೆ ಉರಿಯಿತು: ತಂತಿಯಲ್ಲಿ ಕರೆಂಟು! ತುಟಿ ಮೈಕಿಗೆ ತಾಕಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

"ಶೀನಣ್ಣ, ಎಂತ ಮಾಡ್ದ್ರಿ?"

"ಎಂತ ಇಲ್ಲೆ. ನಿಮ್ ಪ್ಲಗ್ಗಿನ್ ಅರ್ತ್ ವಯರ್ ತೆಗ್ದೆ. ಗುಂಯ್ ಅಂಬುದ್ ಅದ್ರಿಂದ್ಲೇ."

"ಮಾರಾಯ್ರೆ, ಜೀವ ಉಳ್ಸುದೂ ಅದೇ!"

"ನಾ ಯಾವಾಗ್ಳೂ ಹೀಂಗೇ ಮಾಡುದ್. ನಂಗ್ ಎಂತ ಆಯ್ಲಿಲ್ಲೆ."

ಆಗುವುದಾದರೂ ಹೇಗೆ? ಕೆಳಗೆ ನಿಂತಿದ್ದ ಅವರ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ.

ಹಟ ಹಿಡಿದು ವಯರ್ ಮತ್ತೆ ಹಾಕಿಸಿದೆ. ಗುಂಯ್ ಮರಳಿತು. ಮದುಮಗಳ ಸೋದರಮಾವ ಬಂದು "ಹ್ವಾಯ್, ಎಂತ ಅದ್, ಜೇನ್ ಎದ್ದ್ ಹಾಂಗ್ ಕೇಂತಿತ್?" ಎಂದರು. "ಇರ್ಲಿ ಬಿಡಿ" ಎಂದೆ.

ಮೂರನೇ ಹಾಡಿನ ನಡುವೆ ಗುಂಯ್ ತಟ್ಟನೆ ನಿಂತಿತು. ಶೀನಣ್ಣ ಮತ್ತೆ ವಯರ್ ತೆಗೆದರೆಂದೇ ಎಣಿಸಿ, ಪೊಲೀಸರಿಗೆ ಸಿಕ್ಕ ಕಳ್ಳನಂತೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟೆ. ಹಾಡು ಮುಗಿಯಿತೆಂದು ಊಟದವರು ಚಪ್ಪಾಳೆ ತಟ್ಟಿದರು.

ಕರೆಂಟು ಹೋಗಿತ್ತು, ಅಷ್ಟೆ.