ಬಳ್ಳಿ ಕಟ್ಟಲು ಜೊಂಡು ಸಿಗದ ಬೇಸಿಗೆ

ಸವಣೂರಿನ ನಮ್ಮ ಎಲೆತೋಟದ ಬದಿಗೆ ಒಂದು ಹೊಂಡವಿದೆ. ಅದರ ತುಂಬ ಜೊಂಡು. ವೀಳ್ಯದೆಲೆ ಬಳ್ಳಿಯನ್ನು ನುಗ್ಗೆ ಮರಕ್ಕೆ ಕಟ್ಟಲು ಆ ಜೊಂಡೇ ಬೇಕು. ಹಗ್ಗ ಕಟ್ಟಿದರೆ ಬಳ್ಳಿಯ ಕುತ್ತಿಗೆ ಕೊಯ್ಯುತ್ತದೆ. ಹೋದ ಬೇಸಿಗೆಯಲ್ಲಿ ಕುಡುಗೋಲು ಹಿಡಿದು ಹೊಂಡಕ್ಕಿಳಿದ ನನ್ನನ್ನು ಒಂದು ಹಿಡಿಯಷ್ಟೂ ಇಲ್ಲದ ಕಂದು ಹಕ್ಕಿ ತಡೆಯಿತು. ತಡೆದದ್ದು ಹಕ್ಕಿಯಲ್ಲ ಅನ್ನಿ, ನನ್ನ ಮೊಮ್ಮಗಳು.

ಅವಳಿಗೆ ಮೊದಲಿನಿಂದ ನನ್ನ ಮೀಸೆ ಕಂಡರೆ ಭಯ. ಶಾಲೆಯ ಸೂಟಿಗೆ ಬಂದಾಗಲೆಲ್ಲ ಅಜ್ಜಿಯ ಸೆರಗಿನ ಹಿಂದೆಯೇ. ನಾನು ಪೇಢಾ ಕೊಟ್ಟರೂ ಅಜ್ಜಿಯ ಕೈ ದಾಟಿಯೇ ಅವಳ ಬಾಯಿಗೆ ಹೋಗಬೇಕು. ಅಂಥವಳು ಅವತ್ತು ಓಡಿ ಬಂದು ನನ್ನ ಬೆರಳು ಹಿಡಿದಳು.

"ಅಜ್ಜಾ, ಕಡೀಬ್ಯಾಡ! ಅಲ್ಲಿ ಗೂಡ ಐತಿ!"

ನೋಡಿದೆ. ನಾಲ್ಕಾರು ಜೊಂಡು ಸೇರಿಸಿ, ನೀರಿನ ಮೇಲೆ ತೂಗುವಂತೆ ಹೆಣೆದ ಬಟ್ಟಲಿನಂಥ ಗೂಡು, ಒಳಗೆ ಮೊಟ್ಟೆ. ಎಲ್ಲಿಂದಲೋ ಹಾರಿ ಬಂದ ಹಕ್ಕಿಗೆ ಇಡೀ ತಾಲೂಕಿನಲ್ಲಿ ಬೇರೆ ಜಾಗವೇ ಸಿಗಲಿಲ್ಲವೆ?

"ಇದನ್ನ ಬಿಟ್ಟು ಆ ಕಡೆ ಕಡೀತೇನಿ, ಬಂಗಾರಿ."

"ಬ್ಯಾಡ. ಅದಕ್ಕ ಅಂಜಿಕಿ ಆಗ್ತೈತಿ."

ಬೆರಳು ಬಿಡಲಿಲ್ಲ. ಕಡಿದರೆ ಆ ಕೈ ನನಗೆ ಮತ್ತೆ ಸಿಗುವುದಿಲ್ಲ, ಕಡಿಯದಿದ್ದರೆ ಬಳ್ಳಿ ನೆಲಕ್ಕೆ ಬೀಳುತ್ತದೆ. ಕುಡುಗೋಲು ಕೆಳಗಿಟ್ಟೆ.

ಆಮೇಲೆ ಶುರುವಾಯಿತು ಪೀಡೆ. ಬೆಳಕು ಹರಿಯುವ ಮೊದಲೇ ಹಕ್ಕಿಯ ಕರ್ರಕರ್ರ ಕೀಚಕೀಚ, ಎಣ್ಣೆ ಕಾಣದ ರಾಟೆಯ ಹಾಗೆ. ಅದನ್ನು ಹಾಡು ಎನ್ನಬೇಕಂತೆ! ಹೊಂಡದ ಹತ್ತಿರ ನಾನು ಕೆಮ್ಮಬಾರದು, ಬೀಡಿ ಹಚ್ಚಬಾರದು. ಹೆಂಡತಿಯ ಹಳೆಯ ಸೀರೆ ಹರಿದು ಬಳ್ಳಿ ಕಟ್ಟಿದೆ. ಗಾಳಿ ಬೀಸಿದರೆ ಗಂಟು ಸಡಿಲ, ಬಳ್ಳಿ ಕೆಳಗೆ. ದಿನಾ ಮತ್ತೆ ಕಟ್ಟು.

"ಏನ್ ಕಾಕಾ, ಈ ಸಲ ಬಳ್ಳಿಗೆ ಸೀರಿ ಉಡಿಸೀರೇನ್ರಿ?" ಎಂದು ಪಕ್ಕದ ತೋಟದವನು ಬೇಲಿಯಾಚೆಯಿಂದ ನಕ್ಕ.

"ನನ್ನ ಸೀರಿ ಮುಗದ್ವು," ಎಂದಳು ಹೆಂಡತಿ. "ಇನ್ನ ನಿಮ್ಮ ಧೋತರ ಹರೀರಿ."

ಬಿದ್ದ ಬಳ್ಳಿಯನ್ನು ನಾನು ಕಟ್ಟುವ ತನಕ ಎತ್ತಿ ಹಿಡಿಯುತ್ತಿದ್ದವಳು ಮಾತ್ರ ಮೊಮ್ಮಗಳು. ಬೈಯುತ್ತಲೇ ಕಟ್ಟಿದೆ, ಹೊಟ್ಟೆಯೊಳಗೆ ಸಕ್ಕರೆ ಕರಗುತ್ತಿತ್ತು.

ಕೊನೆಗೆ ಮರಿಗಳು ಹಾರಿಹೋದವು. ಕುಡುಗೋಲು ಹಿಡಿದು ಮತ್ತೆ ಹೊಂಡಕ್ಕೆ ಇಳಿದೆ. ಅವಳು ದಂಡೆಯ ಮೇಲೆ ನಿಂತಿದ್ದಳು. ಹಕ್ಕಿಯೇ ಹೋದ ಮೇಲೆ ಈ ಮುದುಕನ ಹತ್ತಿರ ಇವಳಿಗೇನು ಕೆಲಸ, ಇನ್ನು ಸೆರಗಿನ ಹಿಂದೆ ಹೋಗುತ್ತಾಳೆ ಎಂದುಕೊಂಡೆ. ಮೊದಲ ಹಿಡಿ ಕಡಿದೆ. ಎರಡೂ ಕೈ ಚಾಚಿದಳು.

"ಇಲ್ಲಿ ಕೊಡು ಅಜ್ಜಾ. ನೀ ಕಟ್ಟಿದ್ದು ಸಡ್ಲ ಆಗ್ತೈತಿ. ಹಕ್ಕಿ ಹೆಂಗ ಕಟ್ಟೇತಿ ನೋಡು."

ಹುಟ್ಟಿದಾಗಿನಿಂದ ಬಳ್ಳಿ ಕಟ್ಟಿದವನಿಗೆ ಈ ಮಾತು! ಈಗಂತೂ ಸೂಟಿಗೆ ಬಂದರೆ ಮಧ್ಯಾಹ್ನ ಕಣ್ಣು ಮುಚ್ಚಲೂ ಬಿಡುವುದಿಲ್ಲ. ತೋಟಕ್ಕೆ ನಡಿ ಎಂದು ಕೆಸರುಗೈಯಲ್ಲಿ ಮೀಸೆ ಹಿಡಿದು ಎಳೆಯುತ್ತಾಳೆ.