ಗಾಜಿನ ಪೆಟ್ಟಿಗೆಗೆ ಕುಚ್ಚು ಮೀನು ಬಿಟ್ಟ ದಿನ

ನಾನು ಚಿಕ್ಕವನಿದ್ದಾಗ, ಕಿರಂಗೂರಿನ ನಮ್ಮ ಮನೆಯ ಜಗುಲಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತು. ಪಟ್ಟಣದ ಟೀ ಅಂಗಡಿಯವರು ಬನ್ನು ಇಡುತ್ತಿದ್ದ ಹಳೆಯ ಪೆಟ್ಟಿಗೆ ಅದು. ಅಪ್ಪ ಅದನ್ನು ಗಾಡಿಯಲ್ಲಿ ಹುಲ್ಲಿನ ನಡುವೆ ಇಟ್ಟು ತಂದು, ಸಂದಿಗಳಿಗೆ ಡಾಂಬರು ಮೆತ್ತಿ, ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು ಅಕ್ಕನಿಗೆ ಕೊಟ್ಟಿದ್ದ.

ಅಕ್ಕ ಅದರೊಳಗೆ ಮರಳು ಹರಡಿ, ನೀರು ತುಂಬಿ, ಸಸ್ಲು ಮೀನು ಸಾಕಿದ್ದಳು. ನಾವಿಬ್ಬರೂ ಹಳೇ ಸೀರೆಯ ತುಂಡು ಹಿಡಿದು ನಾಲೆಯ ಅಂಚಿನಲ್ಲಿ ಗೋರಿ ತಂದ ಮೀನುಗಳು. ಒಂದೊಂದೂ ನನ್ನ ಕಿರುಬೆರಳಿನಷ್ಟು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತಿದ್ದವು. ಬೆಳಗಿನ ಬಿಸಿಲು ಗಾಜಿಗೆ ಬಿದ್ದಾಗ ಒಟ್ಟಿಗೆ ಮಿಂಚಿ, ಮರುಗಳಿಗೆ ಒಟ್ಟಿಗೆ ಮಂಕಾಗುತ್ತಿದ್ದವು. ಅಕ್ಕ ಮುದ್ದೆಯ ಚೂರು ಹಿಡಿದು ನೀರಿಗೆ ಬೆರಳಿಟ್ಟರೆ ಬೆರಳನ್ನೇ ಕಚ್ಚುತ್ತಿದ್ದವು. "ಕಚಗುಳಿ ಇಡ್ತವೆ ಕಣ್ಲಾ" ಅಂತ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ಅಕ್ಕ ಏಳನೇ ಕ್ಲಾಸು ಪಾಸಾದಳು. ಮುಂದೆ ಓದಬೇಕಾದರೆ ಪಟ್ಟಣದ ಹೈಸ್ಕೂಲಿಗೆ ಹೋಗಬೇಕು. ಆದರೆ ಮನೆಯ ಯಜಮಾನ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಅವನು ಬೇಡ ಅಂದರೆ ಬೇಡ. ಒಂದು ಬೆಳಿಗ್ಗೆ ನೆಂಟರ ಮುಂದೆ, "ಈ ಹೆಣ್ಣು ಓದಿದ್ದು ಸಾಕು, ಇನ್ಮೇಲೆ ಕೊಟ್ಟಿಗೆ ನೋಡ್ಕತಾಳೆ" ಅಂದ. ನೀರು ತಂದುಕೊಟ್ಟು ನಿಂತಿದ್ದ ಅಕ್ಕ, "ನಾನು ಸ್ಕೂಲಿಗೆ ಓಗ್ತೀನಿ ದೊಡ್ಡಪ್ಪ" ಅಂದುಬಿಟ್ಟಳು. ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ದೊಡ್ಡಪ್ಪ ಬಯ್ಯಲಿಲ್ಲ, ಹೊಡೆಯಲೂ ಇಲ್ಲ. ನೆಂಟರು ಹೋದ ಮೇಲೆ ಬಕೆಟ್ಟು ಹಿಡಿದು ಗದ್ದೆ ಕಡೆ ನಡೆದ. ತಿರುಗಿ ಬಂದಾಗ ಅದರಲ್ಲೊಂದು ಕುಚ್ಚು ಮೀನಿತ್ತು. ಹಾವಿನಂಥ ತಲೆ, ಕೆಸರಿನ ಬಣ್ಣದ ಮೈ. ಸಣ್ಣ ಮೀನು ಕಂಡರೆ ನುಂಗುವುದೇ ಅದರ ಕೆಲಸ.

"ಬನ್ರಲಾ ಎಲ್ರೂವೆ, ತಮಾಸೆ ನೋಡೋರಂತೆ" ಅಂತ ಕೂಗಿ ಅದನ್ನು ಪೆಟ್ಟಿಗೆಗೆ ಸುರಿದ.

ಸಸ್ಲು ಮೀನುಗಳು ಮೂಲೆಗೆ ನುಗ್ಗಿ ಒಂದಕ್ಕೊಂದು ಅಂಟಿಕೊಂಡವು. ಕುಚ್ಚು ಮೀನು ತಳದಲ್ಲಿ ಸುಮ್ಮನೆ ಮಲಗಿತ್ತು. ಆಮೇಲೆ ಟಪ್ ಅಂತ ಸದ್ದು. ಗುಂಪಿನ ಅಂಚಿನಲ್ಲಿದ್ದ ಒಂದು ಮೀನು ಕಾಣಲಿಲ್ಲ.

"ಸ್ಕೂಲಿಗೆ ಓಗಾಕಿಲ್ಲ ಅನ್ನು. ಈಗ್ಲೇ ಎತ್ತಾಕ್ತೀನಿ" ಅಂದ ದೊಡ್ಡಪ್ಪ.

"ಬುಟ್ಬುಡಣ್ಣ, ಮಗ ಅದು" ಅಂದ ಅಪ್ಪ.

"ನೀ ಸುಮ್ಕಿರ್ಲಾ!"

ಅಪ್ಪ ಹಿಂದೆ ಸರಿದ. ನಾನು ಅಕ್ಕನ ಲಂಗ ಹಿಡಿದು, "ಅನ್ಬುಡಕ್ಕ, ಅನ್ಬುಡು" ಅಂತ ಅತ್ತೆ. ಅಕ್ಕ ಗಾಜಿನ ಮುಂದೆ ಕೂತಳು. ಪ್ರತಿ ಸಲ ಟಪ್ ಅಂದಾಗಲೂ ಅವಳ ಹೆಗಲು ಅದುರುತ್ತಿತ್ತು. ದೊಡ್ಡಪ್ಪ ಪ್ರತಿ ಸಲವೂ ಕೇಳುತ್ತಿದ್ದ, "ಓಗ್ತೀಯೇನೇ?"

"ಓಗ್ತೀನಿ."

ದನಿ ಸಣ್ಣದಾಗುತ್ತ ಹೋಯಿತು, ಮಾತು ಬದಲಾಗಲಿಲ್ಲ. ಕೊನೆಗೆ ಒಂದೇ ಮೀನು ಉಳಿಯಿತು. ಜೊತೆಯಿಲ್ಲದೆ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಗಾಜಿಗೆ ಮೂತಿ ಬಡಿಯುತ್ತಿತ್ತು. ಅಕ್ಕ ಹೊರಗಿನಿಂದ ಅಲ್ಲಿಗೇ ಬೆರಳಿಟ್ಟಳು.

"ಓಗ್ತೀಯೇನೇ?"

"ಓಗ್ತೀನಿ."

ಅದೂ ಹೋಯಿತು.

ಮಧ್ಯಾಹ್ನ ದೊಡ್ಡಪ್ಪ ಆ ಕುಚ್ಚು ಮೀನಿನದೇ ಸಾರು ಮಾಡಿಸಿದ. ಖಾರ ಅರೆಯಲು ಅಕ್ಕನನ್ನೇ ಕೂರಿಸಿದ. ಅವಳು ಅರೆದಳು. ಮೀನಿನ ಹೊಟ್ಟೆ ಸೀಳುವಾಗ ಅವ್ವ ಮುಖ ಆಚೆ ತಿರುಗಿಸಿದಳು. ದೊಡ್ಡಪ್ಪ ಮುಳ್ಳು ಚೀಪಿ, ಬಹಳ ರುಚಿ ಅಂದ. ಅಪ್ಪ ಊಟಕ್ಕೆ ಕೂರಲೇ ಇಲ್ಲ.

ಸ್ಕೂಲು ಶುರುವಾದ ದಿನ ಅಕ್ಕ ಜಡೆ ಹೆಣೆದುಕೊಂಡು, ಚೀಲ ಹಿಡಿದು ಹೊರಟಳು. ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ. ಅಪ್ಪ ಒಳಗಿಂದ ಬಂದು, "ದಾರಿ ಬುಡಣ್ಣ" ಅಂದ.

"ಇವ್ಳು ಒಸ್ಲು ದಾಟುದ್ರೆ ನಿನ್ನ ಒಲೆ ಬ್ಯಾರೆ ಕಣ್ಲಾ."

"ಆಗ್ಲಿ" ಅಂದ ಅಪ್ಪ.

ಅಕ್ಕ ಹೊಸ್ತಿಲು ದಾಟಿದಳು. ಸಂಜೆಯೊಳಗೆ ನಮ್ಮ ಪಾತ್ರೆಗಳು ಹಿತ್ತಿಲಿಗೆ ಬಿದ್ದಿದ್ದವು. ಗಾಜಿನ ಪೆಟ್ಟಿಗೆ ತಿಪ್ಪೆಯಲ್ಲಿ ಚೂರುಚೂರಾಗಿತ್ತು. ಸ್ಕೂಲಿನಿಂದ ಬಂದ ಅಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಅಂದಿನಿಂದ ಅಪ್ಪನೂ ದೊಡ್ಡಪ್ಪನೂ ಒಂದೇ ಅಂಗಳದಲ್ಲಿದ್ದು ಮಾತಾಡದೆ ಬದುಕಿದರು.

ಮೊಮ್ಮಕ್ಕಳೇ, ಈಗ ನಿಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಪುಟ್ಟ ಮೀನುಗಳು ಗುಂಪಾಗಿ ಈಜುತ್ತವೆ. ಗಾಳಿಗೆ ಮೋಟಾರು, ಮೇಲೊಂದು ಲೈಟು, ಡಬ್ಬಿಯ ಊಟ. ಮೊನ್ನೆ ಒಂದು ಮೀನು ಸತ್ತಾಗ ನೀವು ಅತ್ತಿರಿ, ನಿಮ್ಮಪ್ಪ ತಬ್ಬಿಕೊಂಡು ಸಮಾಧಾನ ಮಾಡಿದ. ಮೀನು ಬೇಕೋ ಸ್ಕೂಲು ಬೇಕೋ ಅಂತ ನಿಮ್ಮನ್ನು ಯಾರೂ ಕೇಳಿಲ್ಲ. ನಿನ್ನೆ ಬೆಳಿಗ್ಗೆ ನಿಮ್ಮಲ್ಲಿ ಪುಟ್ಟಿ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಶೂ ಹಾಕಿಕೊಳ್ಳುತ್ತಲೇ, "ತಾತ, ಮೀನಿಗೆ ಊಟ ಹಾಕ್ಬುಡು" ಅಂತ ಕೂಗಿ ಸ್ಕೂಲು ವ್ಯಾನಿಗೆ ಓಡಿದಳು. ಬಾಗಿಲಿಗೆ ಅಡ್ಡ ಯಾರೂ ಇರಲಿಲ್ಲ, ಅವಳು ತಿರುಗಿ ಕೂಡ ನೋಡಲಿಲ್ಲ.