ಶೀನಣ್ಣ ಹಾಕದ ಹನ್ನೆರಡನೆಯ ಸಹಿ

ಶೀನಣ್ಣ ಕಾಡಿನಲ್ಲಿ ಯಾವತ್ತೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಸಫಾರಿ ಗೈಡ್ ಎಂದ ಮೇಲೆ ಟೋಪಿ ಹಾಕಿಕೊಂಡು ಮುಂದೆ ನಿಂತು, ಕೈ ಎತ್ತಿ ‘ಅಗೋ ಅಲ್ಲಿ’ ಎನ್ನಬೇಕು ಎಂದುಕೊಂಡಿದ್ದ ನನಗೆ ಇವರನ್ನು ಕಂಡ ಮೊದಲ ದಿನವೇ ಬೇಸರವಾಗಿತ್ತು. ಸಪೂರ ಮೈ, ಬುಡ ಮಡಚಿದ ಖಾಕಿ ಪ್ಯಾಂಟು, ಹೆಗಲ ಮೇಲೆ ಬೆವರೊರೆಸುವ ಟವೆಲು, ನಮ್ಮ ಕಡೆಯ ಬೈರಾಸು. ಎಡಗೈ ಮಾತ್ರ ಸದಾ ತುಸು ಮೇಲೆ, ಕಣ್ಣಿಗೆ ಕಾಣದ ಸರಳೊಂದನ್ನು ಹಿಡಿದುಕೊಂಡ ಹಾಗೆ. ಅದು ಮೂವತ್ತು ವರ್ಷ ಸಿದ್ದಾಪುರ–ಕುಂದಾಪುರ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರ ಕೈ. ಬಸ್ಸು ಬಿಟ್ಟು ಎಷ್ಟೋ ಕಾಲವಾದರೂ ಕೈ ಇನ್ನೂ ಇಳಿದಿರಲಿಲ್ಲ.

“ಹಿಂದಿನ್ ಬಾಗ್ಲಲ್ ನಿಂತವ್ನಿಗೆ ಎಲ್ಲ ಕಾಣತ್ತ್,” ಎನ್ನುತ್ತಿದ್ದರು. “ಮುಂದ್ ಕೂಕಂಡವ್ನಿಗೆ ಬರೀ ರಸ್ತಿ ಅಷ್ಟೆ.”

ಆ ಹಿಂದಿನ ಬಾಗಿಲಲ್ಲಿ ನಿಂತೇ ಅವರು ಹಕ್ಕಿಗಳನ್ನು ಕಲಿತದ್ದು. ಯಾವ ತಿರುವಿನ ಯಾವ ಮರದಲ್ಲಿ ಯಾವ ಹಕ್ಕಿ, ಎಷ್ಟು ಗಂಟೆಯ ಟ್ರಿಪ್ಪಿಗೆ ಅದು ಎಲ್ಲಿರುತ್ತದೆ, ಎಲ್ಲವೂ ಬಾಯಿಪಾಠ. ಕಾಡಿನಲ್ಲೂ ಅತಿಥಿಗಳು ದಾರಿಗೆ ಅಡ್ಡ ಗುಂಪುಗಟ್ಟಿದರೆ ಒಮ್ಮೆ ಮೂಗೆಳೆದು, ತಗ್ಗಿದ ದನಿಯಲ್ಲಿ, “ಹ್ವಾಯ್, ಮುಂದ್ ಹೋಯ್ನಿ, ಮುಂದ್ ಜಾಗ ಇತ್ತ್” ಎನ್ನುತ್ತಿದ್ದರು. ಮುಂದೆ ಇದ್ದದ್ದು ಇಡೀ ಪಶ್ಚಿಮಘಟ್ಟ. ಜಾಗಕ್ಕೇನು ಕಡಿಮೆ?

ನಾನು ಮರವಂತೆಯವನು, ಮೀನುಗಾರರ ಮನೆಯ ಹುಡುಗ. ನನಗೆ ಬರುವ ವಿದ್ಯೆ ಒಂದೇ: ಬೇರೆಯವರ ಗಂಟಲಲ್ಲಿ ಮಾತಾಡುವುದು. ಮೀನು ಹರಾಜು ಕೂಗುವವರು, ಮೇಷ್ಟ್ರು, ಸ್ಟಾರ್ಟ್ ಆಗದ ಬೋಟಿನ ಇಂಜಿನ್, ಯಾವುದನ್ನೂ ಬಿಟ್ಟವನಲ್ಲ. ಹಕ್ಕಿಗಳ ಕೂಗನ್ನೂ ಕಲಿತ ಮೇಲೆ, ಇದರಿಂದಲೇ ಹೊಟ್ಟೆ ಹೊರೆಯಬಹುದು ಎಂದು ಕುಂದಾಪುರದಲ್ಲಿ ಟಯರ್ ಅಂಗಡಿಯೊಂದರ ಮಹಡಿಯ ಮೇಲಿದ್ದ ಗೈಡುಗಳ ಸಂಘಕ್ಕೆ ಅರ್ಜಿ ಹಾಕಿದೆ. ಅಮ್ಮ ಮಾತ್ರ, “ಕಾಡಂಗೆ ಎಂತ ಇತ್ತ್ ಮಗಾ, ಬಂಗುಡೆ ಸಿಕ್ಕತ್ತಾ?” ಎಂದು ಕೇಳಿದಳು.

ಸಂಘದವರು ಒಂದು ಹಸಿರು ರಟ್ಟಿನ ಪುಸ್ತಕ ಕೊಟ್ಟರು. ಒಳಗೆ ಹನ್ನೆರಡು ಸಾಲು. ಒಂದು ಸಾಲಿಗೆ ಒಂದು ಕಾಡುನಡಿಗೆ, ಸಾಲಿನ ಕೊನೆಗೆ ಹಿರಿಯ ಗೈಡಿನ ಸಹಿ. ಹನ್ನೆರಡೂ ತುಂಬಿದರೆ ಬ್ಯಾಡ್ಜು. ಅಲ್ಲಿಯವರೆಗೆ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಅತಿಥಿಗಳ ನೀರಿನ ಬಾಟಲಿ ಕಾಯುವುದು. ಬೈಂದೂರು ಕಡೆಯ ರೆಸಾರ್ಟೊಂದರವರು, ಮಳೆಗಾಲದೊಳಗೆ ಬ್ಯಾಡ್ಜು ತಂದರೆ ಕೆಲಸ ಖಾಯಂ ಎಂದಿದ್ದರು. ನನ್ನ ಹಿರಿಯ ಗೈಡ್ ಯಾರಾಗುತ್ತಾರೆ ಎಂಬುದೊಂದೇ ಬಾಕಿ ಇತ್ತು. ಸಂಘದಲ್ಲಿ ಏಳೆಂಟು ಮಂದಿ ಇದ್ದರು. ಕಣ್ಣು ಮುಚ್ಚಿ ಸಹಿ ಹಾಕುವವರೂ ಇದ್ದರು. ನನ್ನ ಹಣೆಗೆ ಬಿದ್ದದ್ದು ಶೀನಣ್ಣ.

ಎರಡನೆಯದೋ ಮೂರನೆಯದೋ ನಡಿಗೆಯ ದಿನ, ಜೀಪಿನ ಹತ್ತಿರ ಡ್ರೈವರಿಗೆ ಶೀನಣ್ಣನನ್ನು ಮಾಡಿ ತೋರಿಸುತ್ತಿದ್ದೆ. ಎಡಗೈ ಮೇಲೆ, ಕುತ್ತಿಗೆ ಒಂದು ಬದಿಗೆ, “ಹ್ವಾಯ್, ಮುಂದ್ ಹೋಯ್ನಿ.” ಡ್ರೈವರ್ ನಗುವುದನ್ನು ಒಮ್ಮೆಲೇ ನಿಲ್ಲಿಸಿದ. ತಿರುಗಿದರೆ ಶೀನಣ್ಣ, ಎಂದಿನಂತೆ ಹಿಂದೆ.

“ಲಾಯ್ಕ್ ಮಾಡ್ತೆ ಮರಾಯ,” ಎಂದರು. “ಆರೆ ನಾನ್ ಹ್ವಾಯ್ ಅಂಬುಕ್ ಮುಂಚೆ ಒಂದ್ ಸಲ ಮೂಗ್ ಎಳಿತೆ. ಅದ್ನ ಬಿಟ್ಟಿದ್ದೆ ನೀನ್. ಕಿವಿಯಂಗೆ ಕೇಂಬುದ್ ಜೋರಿತ್ತ್ ನಿಂದ್, ಕಣ್ಣಂಗೆ ಕಾಂಬುದ್ ಕಮ್ಮಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಿದ್ದಿದರಲ್ಲ, ಅದೇ ಉರಿದದ್ದು.

ಅವರ ಜೊತೆ ನಡೆಯುವುದೆಂದರೆ ತಾಳ್ಮೆಯ ಶಿಕ್ಷೆ. ನಾನು ಮುಂದೆ ನಿಂತು ವಿವರಿಸುತ್ತಿದ್ದರೆ ಹಿಂದಿನಿಂದ ಒಂದು ಮಾತೂ ಇಲ್ಲ. ಮುಗಿದ ಮೇಲೆ ಪುಸ್ತಕ ಚಾಚಿದರೆ ಸಹಿಗೆ ಮೊದಲು ಪ್ರಶ್ನೆ. “ಕೆಂಪ್ ಸೀರೆ ಉಟ್ಕಂಡವ್ರ್ ಕಾಲ್ ಎಳಿತಿದ್ರ್, ಕಂಡ್ಯಾ?” ಇಲ್ಲ. “ಅಡ್ಡ ಬಿದ್ದ್ ಮರದ ಮೇಲ್ ಹಾವಿನ್ ಪೊರೆ ಇದ್ದಿತ್, ಕಂಡ್ಯಾ?” ಅದೂ ಇಲ್ಲ. ಆದರೂ ಸಹಿ ಹಾಕುತ್ತಿದ್ದರು, ಟಿಕೆಟ್ ಹರಿದು ಕೊಡುವವರ ಅವಸರದಲ್ಲಿ. ಹೀಗೆ ಏಗಿ ಏಗಿ ಹನ್ನೊಂದು ಸಹಿಯಾದವು.

ಹನ್ನೆರಡನೆಯದು ಏಪ್ರಿಲಿನ ಒಂದು ಬೆಳಿಗ್ಗೆ, ಸಿದ್ದಾಪುರದಿಂದ ಮೇಲಿನ ಕಾಡಿನಲ್ಲಿ. ಅಲ್ಲೊಂದು ದೊಡ್ಡ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡಿತ್ತು. ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಕುಳಿತು ಪೊಟರೆಯ ಬಾಯಿಯನ್ನು ಒಳಗಿನಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ತಿಂಗಳುಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ಹೊರಗಿನಿಂದ ಹಣ್ಣು ತಂದು ಉಣಿಸಬೇಕು. ನಮ್ಮ ಅತಿಥಿಗಳು ದೂರದಲ್ಲಿ ಮರೆಯಾಗಿ ನಿಂತು ಒಂದೂವರೆ ಗಂಟೆ ಕಾದರು. ಗಂಡು ಬರಲಿಲ್ಲ. ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಆಕಳಿಸಿದರು. ನನ್ನ ಹನ್ನೆರಡನೆಯ ನಡಿಗೆ ಆಕಳಿಕೆಯಲ್ಲಿ ಮುಗಿಯುವುದೇ? ಎರಡು ಕೈಗಳನ್ನು ಬಾಯಿಗೆ ಹಿಡಿದು ಗಂಡು ಮಂಗಟ್ಟೆಯ ಕೂಗನ್ನು ಕೂಗಿಯೇಬಿಟ್ಟೆ.

ಬಂತು. ಎಲ್ಲಿತ್ತೋ, ರೆಕ್ಕೆಯಿಂದ ಗಾಳಿಯಂತ್ರದ ಹಾಗೆ ಸದ್ದು ಮಾಡುತ್ತಾ ನಮ್ಮ ತಲೆಯ ಮೇಲೆಯೇ ಬಂತು. ಅತಿಥಿಗಳ ಕ್ಯಾಮೆರಾಗಳು ಚಟಪಟ ಎಂದವು. ಯಾರೋ ನನ್ನ ಬೆನ್ನು ತಟ್ಟಿದರು. ಹಕ್ಕಿ ಎರಡು ಸುತ್ತು ಹಾಕಿ, ಅರಚಿ, ಗೂಡಿನ ಕಡೆ ಹೋಗದೆ ಬೇರೆ ದಿಕ್ಕಿಗೆ ಹಾರಿತು, ತನ್ನ ಜಾಗಕ್ಕೆ ನುಗ್ಗಿದ ಆ ಇನ್ನೊಂದು ಗಂಡನ್ನು ಹುಡುಕಿಕೊಂಡು. ಅಂದರೆ ನನ್ನನ್ನು.

ಶೀನಣ್ಣ ಅತಿಥಿಗಳನ್ನು ಡ್ರೈವರ್ ಜೊತೆ ಹಿಂದಕ್ಕೆ ಕಳಿಸಿದರು. ನನಗೆ, “ಕೂಕಣ್” ಎಂದರು.

ಇನ್ನೂ ದೂರ ಸರಿದು, ಪೊದೆಯ ಹಿಂದೆ ಕುಳಿತೆವು. ಹತ್ತು ಗಂಟೆಯಿಂದ. ಅವರ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಗೂಡಿನ ಸೀಳಿನ ಮೇಲಿಂದ ಕಣ್ಣು ತೆಗೆಯಬಾರದು ಎಂದರು. ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ ಕಾಣುತ್ತಿತ್ತು. ಆಚೆ ಈಚೆ ಆಡುತ್ತಿತ್ತು. ಒಳಗೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಸೆಕೆ, ಸೊಳ್ಳೆ, ಹಸಿವು. ಹನ್ನೆರಡಾಯಿತು. ಎರಡಾಯಿತು.

“ಶೀನಣ್ಣ, ಒಂದ್ ಕೂಗ್ ಅಷ್ಟೆ ಅಲ್ದಾ,” ಎಂದೆ.

“ಹೌದ್. ಒಂದೇ ಕೂಗ್,” ಎಂದರು. “ಅದ್ ನಿನ್ ಮಾತ್ ನಂಬಿ ಬಂತ್. ಒಳಗಿಪ್ಪುದಕ್ಕೆ ಈಗ ನೀನ್ ಎಂತ ಕೊಡ್ತೆ?”

ಮೂರೂವರೆಯ ಹೊತ್ತಿಗೆ ಗಂಡು ಬಂತು. ಕೊಂಬೆಯ ಮೇಲೆ ಕುಳಿತು ಬಹಳ ಹೊತ್ತು ಸುತ್ತ ನೋಡಿತು. ಆಮೇಲೆ ಗೂಡಿಗೆ ಹಾರಿ, ಗಂಟಲಲ್ಲಿಟ್ಟುಕೊಂಡಿದ್ದ ಹಣ್ಣುಗಳನ್ನು ಒಂದೊಂದಾಗಿ ಹೊರತೆಗೆದು ಸೀಳಿನೊಳಗೆ ಕೊಟ್ಟಿತು. ನಾನು ಎಣಿಸಲಿಲ್ಲ. ಕೊನೆಯ ಹಣ್ಣು ಒಳಗೆ ಹೋದ ಮೇಲೆಯೇ ದುರ್ಬೀನನ್ನು ಕೆಳಗಿಳಿಸಿದೆ.

ಪುಸ್ತಕ ಚಾಚಿದೆ. ಶೀನಣ್ಣ ಅದನ್ನು ಮಡಚಿ ನನ್ನ ಕಿಸೆಗೇ ತುರುಕಿದರು. “ಮುಂದಿನ್ ಸಲ ಕಾಂಬ.”

ಮುಂದಿನ ಸಲ ಬಂದದ್ದು ಮೇ ಕೊನೆಗೆ, ಮಳೆಗೆ ಕಾಡು ಮುಚ್ಚುವ ಮುಂಚಿನ ಕಡೆಯ ನಡಿಗೆ. ಆ ದಿನ ನಾನು ದೇವರಂತೆ ನಡೆದುಕೊಂಡೆ. ಕಾಲು ಎಳೆಯುವವರನ್ನು ನೋಡಿದೆ, ಪೊರೆ ನೋಡಿದೆ, ಜೇಡ ನೋಡಿದೆ. ಅದೇ ಗೂಡಿನ ಎದುರು ಅತಿಥಿಯೊಬ್ಬರು, “ನೀವು ಮಿಮಿಕ್ರಿ ಮಾಡ್ತೀರಂತಲ್ಲ, ಒಂದ್ಸಲ ಕರೀರಿ” ಎಂದು ಗೋಗರೆದರೂ ಬಾಯಿ ಬಿಡಲಿಲ್ಲ. ಗಂಡು ತಾನಾಗಿ ಬಂದು ಉಣಿಸಿ ಹೋಯಿತು. ನಡಿಗೆ ಮುಗಿದ ಮೇಲೆ ಪುಸ್ತಕದ ಜೊತೆ ಪೆನ್ನನ್ನೂ ತೆರೆದುಕೊಟ್ಟೆ.

“ಮುಂದಿನ್ ಸಲ,” ಎಂದರು ಶೀನಣ್ಣ.

ನನಗೆ ತಲೆಕೆಟ್ಟಿತು. “ಇವತ್ ಎಂತ ತಪ್ಪ್ ಮಾಡ್ದೆ, ಹೇಳಿ ಕಾಂಬ. ನಾ ಕೂಗ್ಲಿಲ್ಲೆ ಅಲ್ದಾ? ಬೈಂದೂರಿನವ್ರ್ ಇನ್ನ್ ಯಾರನ್ನಾರೂ ತಕಂತ್ರ್. ನಿಮ್ಗೆ ಅದೇ ಬೇಕಾ?”

“ಕೂಗ್ಲಿಲ್ಲೆ, ಸಮ,” ಎಂದರು. “ಆರೆ ಅವ್ರ್ ಕೇಂಡಾಗಳಿಕೆ ನಿನ್ ಗಂಟ್ಲ್ ಮೇಲ್ ಕೆಳಗ್ ಆತಿದ್ದಿತ್. ಕೂಗೂಕೆ ಆಸೆ ಇತ್ತ್ ಇನ್ನೂ.”

“ಆಸೆ ಪಟ್ರೂ ಸಹಿ ಇಲ್ಯಾ ನಿಮ್ ಸಂಘದಾಗೆ?”

ಅವರು ನಕ್ಕರು. ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು, “ಮಳಿ ಕಳೀಲಿ ಮರಾಯ. ಒಂದ್ ನಡಿಗೆ ಹೋಪ. ಆಗ ಹಾಕ್ತೆ,” ಎಂದು ಹೇಳಿ, ಸಿದ್ದಾಪುರದ ಬಸ್ಸು ಹತ್ತಿದರು. ಒಳಗೆ ಬೇಕಾದಷ್ಟು ಸೀಟು ಖಾಲಿ ಇದ್ದವು. ಹಿಂದಿನ ಬಾಗಿಲ ಹತ್ತಿರವೇ ಸರಳು ಹಿಡಿದು ನಿಂತರು. ಎಡಗೈಗೆ ಆ ಸಂಜೆ ನಿಜವಾದ ಸರಳು ಸಿಕ್ಕಿತ್ತು. ನಾನು ಸಿಟ್ಟಿನಲ್ಲಿ ಕೈಯನ್ನೂ ಬೀಸಲಿಲ್ಲ.

ಜುಲೈಯಲ್ಲಿ ಸಂಘದ ವಾಟ್ಸಪ್ ಗುಂಪಿಗೆ ಅವರ ಫೋಟೋ ಬಂತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಬೆಳಿಗ್ಗೆ ಎದೆನೋವು ಎಂದವರು ಕುಂದಾಪುರದ ಆಸ್ಪತ್ರೆ ಮುಟ್ಟಲಿಲ್ಲವಂತೆ. ಓದಿ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮುಂದಿನ ಸಲ ಎಂದು ಹೇಳಿ ಹೀಗೆ ಮಾಡುವುದೇ? ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಹಸಿರು ಪುಸ್ತಕ ಹಿಡಿದುಕೊಂಡು ಸಂಘದ ಮಹಡಿ ಹತ್ತಿದೆ. ಬ್ರಹ್ಮಾವರದಿಂದ ಬರುವ ನಮ್ಮ ಕಾರ್ಯದರ್ಶಿ ಬಿಳಿ ಪ್ಯಾಂಟಿಗೆ ಮಣ್ಣು ತಾಗೀತೆಂದು ಕಾಡಿಗೆ ಕಾಲಿಡದವರು. ಖಾಲಿ ಸಾಲನ್ನು ನೋಡಿ, “ಅಯ್ಯೋ, ಹೋದವ್ರ್ ಸಹಿ ಎಲ್ಲಿಂದ ತಕಂಡ್ ಬಪ್ಪುದ್? ತಾ ಇಲ್ಲಿ. ಸಹಿ ಅಲ್ದಾ, ಯಾರದ್ದಾರೂ ಆತ್ತ್,” ಎಂದು ತಾವೇ ಗೀಚಿದರು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಬೇಡ ಎನ್ನಲು ನಾನೇನು ಹರಿಶ್ಚಂದ್ರನೇ? ಬ್ಯಾಡ್ಜು ತೆಗೆದುಕೊಂಡೆ; ಬೈಂದೂರಿನವರಿಗೆ ಅಲ್ಲಿಯವರೆಗೆ ಬೇರೆ ಯಾರೂ ಸಿಕ್ಕಿರಲಿಲ್ಲ, ಕೆಲಸಕ್ಕೂ ಸೇರಿದೆ. ಆ ಸಹಿ ಮಾತ್ರ, ಪುಸ್ತಕ ತೆರೆದಾಗಲೆಲ್ಲ, ನಾನೇ ಶೀನಣ್ಣನನ್ನು ಅರೆಬರೆ ಮಿಮಿಕ್ರಿ ಮಾಡಿದ ಹಾಗೆ ಕಾಣುತ್ತದೆ.

ಈ ಏಪ್ರಿಲಿನಲ್ಲಿ ಮಂಗಟ್ಟೆ ಅದೇ ಪೊಟರೆಯಲ್ಲಿ ಮತ್ತೆ ಗೂಡು ಮಾಡಿದೆ. ಮೊನ್ನೆ ಅತಿಥಿಗಳನ್ನು ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ಕಳೆದರೂ ಗಂಡು ಬರಲಿಲ್ಲ. “ಕೂಗು ಹಾಕಿದ್ರೆ ಬರುತ್ತಂತೆ, ಹೌದಾ?” ಎಂದು ಒಬ್ಬರು ಕೇಳಿದರು. ನಾನು ಬೆವರಿಗೆಂದು ತಂದಿದ್ದ ಬೈರಾಸನ್ನು ಗಂಟಲು ಕಾಣದ ಹಾಗೆ ಕೊರಳಿಗೆ ಬಿಗಿಯಾಗಿ ಎರಡು ಸುತ್ತು ಸುತ್ತಿಕೊಂಡೆ.

“ಈ ಸೆಕೆಗೆ ಯಾಕ್ರೀ ಅದು?” ಎಂದರು.

“ಸ್ವಲ್ಪ ಶೀತ,” ಎಂದೆ.

ಅವರು ನಂಬಲಿ ಎಂದು ಒಮ್ಮೆ ಮೂಗೆಳೆದೆ. ಆಮೇಲೆ ಎಲ್ಲರ ಹಿಂದಕ್ಕೆ ಹೋಗಿ ನಿಂತು, “ಹ್ವಾಯ್, ಮುಂದ್ ಹೋಯ್ನಿ,” ಎಂದೆ.